ಎರಡನೇ ಸಲ ರಿಂಗಾದಾಗ

ಸೋಲೂರು
6 ಅಕ್ಟೋಬರ್ 2025

ಹೊಂಬಾಳಮ್ಮನವರಿಗೆ ಲೈನ್‌ಮನ್ ಚೆಲುವಯ್ಯನ ನಮಸ್ಕಾರ.

ಐವತ್ತೊಂದು ವರ್ಷದ ಗಂಡಸು ಪೋಸ್ಟಾಫೀಸಿನ ಕಿಟಕಿಯಲ್ಲಿ ನಿಂತು ಇನ್‌ಲ್ಯಾಂಡ್ ಲೆಟರ್ ಕೇಳಿದರೆ ಅಲ್ಲಿನ ಹುಡುಗಿ, "ಯಾಕ್ ಸಾರ್, ಫೋನ್ ಕಳ್ಕಂಡ್ರಾ?" ಅಂದಳು. ಏನು ಹೇಳಲಿ? ನಂಬರ್ ಕೇಳಿದರೆ ಅಡ್ರೆಸ್ ಬರೆದುಕೊಡುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಮ್ಮಣ್ಣ ರಾಮಲಿಂಗಯ್ಯನವರನ್ನು ಕೇಳಿದರೆ ನಂಬರ್ ಸಿಗುತ್ತದೆ. ಕೇಳುವುದಿಲ್ಲ. ನೀವೇ ಕೊಡಬೇಕು.

ಏಪ್ರಿಲ್‌ನಲ್ಲಿ ನಿಮ್ಮಣ್ಣನ ಮನೆ ಮುಂದಿನ ಕಂಬ ಹತ್ತಿದ್ದಾಗ ನನ್ನ ಜೇಬಿನಲ್ಲಿ ಫೋನ್ ರಿಂಗಾಯಿತು. ಕೆಳಗೆ ನಿಂತಿದ್ದ ನೀವು ಅದೇನು ಕಿರುಚಿದಿರಿ! ಕರೆಂಟ್ ಹೊಡೆಯದಿದ್ದರೂ ಆ ಸದ್ದಿಗೇ ನಾನು ಕೆಳಕ್ಕೆ ಬೀಳುತ್ತಿದ್ದೆ. ಇಳಿದು ಬಂದು ನೋಡಿದರೆ ಕಂಬದ ಬುಡದಲ್ಲಿ ಕೂತುಬಿಟ್ಟಿದ್ದೀರಿ, ಮುಖದಲ್ಲಿ ರಕ್ತವೇ ಇಲ್ಲ. ಆಮೇಲೆ ಎದ್ದು, "ಹೆಂಡ್ರು ಮಕ್ಳು ಇಲ್ವೇನ್ರೀ ನಿಮ್ಗೆ? ಮೇಲಕ್ಕೂ ಫೋನ್ ಹೊತ್ಕಂಡು ಹೋಯ್ತಾರಾ?" ಅಂತ ಬೈದಿರಿ. ಇಲ್ಲ ಅಂದೆ. ಮಕ್ಕಳಾಗಲಿಲ್ಲ, ಹೆಂಡತಿ ವಿಮಲ ತೀರಿಕೊಂಡಳು ಅಂದೆ. ನೀವು ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟಿರಿ. ಅದಾದ ಮೇಲೆ ನೀವು ತವರಿಗೆ ಬಂದಿದ್ದು ಮೂರು ಸಲ. ಮೂರು ಸಲವೂ ನಿಮ್ಮಣ್ಣನ ಮನೆ ಕರೆಂಟ್ ನೋಡಲು ಬಂದಿದ್ದೇನೆ. ಎರಡು ಸಲ ಕೆಟ್ಟೇ ಇರಲಿಲ್ಲ.

ಹೋದ ತಿಂಗಳು ಜಗಲಿಯ ಮೇಲೆ ಕೂತು ಮದುವೆ ಮಾಡಿಕೊಳ್ಳೋಣವಾ ಅಂತ ಕೇಳಿದೆ. ಯೋಚನೆ ಮಾಡುತ್ತೇನೆ ಅಂದಿರಿ. ಮಾಡಿ, ಅವಸರವಿಲ್ಲ. ಆದರೆ ವಾರಗಟ್ಟಲೆ ನಿಮ್ಮ ದನಿ ಕೇಳದೆ ಇರುವುದು ನನ್ನಿಂದ ಆಗುವುದಿಲ್ಲ. ಯಾಕೆ ಅಂತ ಕೇಳಬೇಡಿ. ಕೆಳಗೆ ನನ್ನ ನಂಬರ್ ಬರೆದಿದ್ದೇನೆ, ದೊಡ್ಡದಾಗಿ.

ಚೆಲುವಯ್ಯ


ಹುಣಸೆದೊಡ್ಡಿ, ಕನಕಪುರ ತಾಲ್ಲೂಕು
14 ಅಕ್ಟೋಬರ್ 2025

ಚೆಲುವಯ್ಯನವರಿಗೆ,

ಪೋಸ್ಟ್‌ಮ್ಯಾನ್ ನಿಮ್ಮ ಕಾಗದವನ್ನು ಅತ್ತೆಯ ಕೈಗೇ ಕೊಟ್ಟ. ನಮ್ಮತ್ತೆ ಮಾಯಮ್ಮನಿಗೆ ಓದಲು ಬರುವುದಿಲ್ಲ, ಪುಣ್ಯ. "ಯಾರ್ದವ್ವ?" ಅಂದರು. ರೇಷ್ಮೆ ಇಲಾಖೆಯದು ಅಂದೆ. ಅವರ ಮುಖ ನೋಡಿ ಸುಳ್ಳು ಹೇಳಿದ್ದು ಇದೇ ಮೊದಲು ಅಂತ ಬರೆಯಲು ಹೊರಟೆ. ಮೊದಲಲ್ಲ.

ಫೋನಿನ ವಿಷಯ. ಮನೆಯಲ್ಲಿರುವುದು ಒಂದೇ ಫೋನು, ಅದು ಅತ್ತೆಯ ಹತ್ತಿರ ಇರುತ್ತದೆ. ಬಿಡದಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಗಳು ರಮ್ಯಾ ಮಾಡಿದಾಗ ಮಾತಾಡುತ್ತೇನೆ. ನಾನಾಗಿ ಯಾರಿಗೂ ಮಾಡುವುದಿಲ್ಲ. ಅಭ್ಯಾಸವಿಲ್ಲ ಅಂತಿಟ್ಟುಕೊಳ್ಳಿ.

ಹುಳ ಎರಡನೇ ಜ್ವರಕ್ಕೆ ಕೂತಿದೆ. ಜ್ವರ ಅಂದರೆ ಕಾಯಿಲೆ ಅಲ್ಲ. ಪೊರೆ ಬಿಡುವ ಮುಂಚೆ ರೇಷ್ಮೆಹುಳ ಸೊಪ್ಪು ತಿನ್ನುವುದು ಬಿಟ್ಟು ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತದೆ. ಆಗ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು, ಅದಾಗೇ ಏಳುವವರೆಗೆ ಕಾಯಬೇಕು. ನಾನೂ ಈಗ ಹಾಗೇ ಇದ್ದೇನೆ. ನೀವು ಕೇಳಿದ್ದಕ್ಕೆ ಬೇಡ ಅನ್ನಲಿಲ್ಲ. ಹ್ಞೂಂ ಅನ್ನುವುದಕ್ಕೆ ಹೆದರಿಕೆ.

ಹೊಲದಲ್ಲಿ ರಾಗಿ ತೆನೆ ಕಟ್ಟುತ್ತಿದೆ. ಅದು ಆನೆಗಳಿಗೂ ಗೊತ್ತು. ನಮ್ಮ ಯಜಮಾನರು ದೇವರಾಜು ಹೋದ ಮೇಲೆ ನಾವು ಹೊಲ ಕಾಯಲು ಹೋಗುವುದಿಲ್ಲ. ಉಳಿದಷ್ಟು ನಮ್ಮದು ಅಂದುಕೊಂಡಿದ್ದೇವೆ.

ಒಂದು ಮಾತು ನಡೆಸಿಕೊಡಿ. ಕಂಬ ಹತ್ತುವಾಗ ಫೋನನ್ನು ಕೆಳಗಿಟ್ಟು ಹತ್ತಿ.

ಹೊಂಬಾಳಮ್ಮ


ಸೋಲೂರು
22 ಅಕ್ಟೋಬರ್ 2025

ಹೊಂಬಾಳಮ್ಮನವರೇ,

ದೀಪಾವಳಿ ದಿನವೂ ಕಂಬ ಹತ್ತಿದ್ದೆ. ಊರೆಲ್ಲ ಸೀರಿಯಲ್ ಸೆಟ್ ಹಾಕಿಕೊಂಡು ಫ್ಯೂಸ್ ಸುಟ್ಟುಕೊಳ್ಳುತ್ತಾರೆ, ಲೈನ್‌ಮನ್‌ಗೆ ಹಬ್ಬ ಎಲ್ಲಿಯದು. ಫೋನ್ ಮಾತ್ರ ಕೆಳಗಿಡಲಿಲ್ಲ. ಜೋರಾಗಿ ರಿಂಗಾಗುವ ಹಾಗೆ ಇಟ್ಟುಕೊಂಡೇ ಹತ್ತಿದೆ. ಬೇರೆ ಏನು ಬೇಕಾದರೂ ಕೇಳಿ, ಅದೊಂದು ಕೇಳಬೇಡಿ. ಕಾರಣ ಇದೆ.

ನಿಮ್ಮ ಹೆದರಿಕೆ ಏನೆಂದು ನನಗೆ ಗೊತ್ತಾಯಿತು. ಅತ್ತೆ. ಮಗ ಸತ್ತ ಮನೆಯಲ್ಲಿ ಸೊಸೆ ಇನ್ನೊಂದು ಮದುವೆಯ ಮಾತು ಎತ್ತುವುದು ಹೇಗೆ ಅಂತ ತಾನೆ? ನೀವು ಎತ್ತಬೇಡಿ, ನಾನು ಎತ್ತುತ್ತೇನೆ. ನವೆಂಬರ್ 8 ಶನಿವಾರ ಕನಕಪುರದಲ್ಲಿ ಸ್ನೇಹಿತನ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ನಿಮ್ಮೂರ ಗೇಟಿನಲ್ಲಿ ಇಳಿಯುತ್ತೇನೆ. ಅಲ್ಲಿಂದ ಎರಡು ಕಿಲೋಮೀಟರ್ ತಾನೆ, ನಡೆದು ಬಂದರೆ ಆರೂವರೆಗೆ ನಿಮ್ಮ ಬಾಗಿಲಲ್ಲಿ ಇರುತ್ತೇನೆ. ಮಾಯಮ್ಮನವರು ಹಾಲು ಕರೆಯುವ ಹೊತ್ತಿಗೆ ಕೇಳಿದರೆ ಇಲ್ಲ ಅನ್ನುವುದಿಲ್ಲ ಅಂತ ನನ್ನ ನಂಬಿಕೆ.

ಚೆಲುವಯ್ಯ


ಹುಣಸೆದೊಡ್ಡಿ
31 ಅಕ್ಟೋಬರ್ 2025

ಬರಬೇಡಿ.

ಅರಣ್ಯ ಇಲಾಖೆಯವರ ಮೆಸೇಜ್ ಬಂದಿದೆ, ಏಳು ಆನೆ ಈ ಕಡೆ ಇಳಿದಿವೆ. ಗೇಟಿನಿಂದ ಊರಿಗೆ ಬರುವ ದಾರಿಯ ಎರಡೂ ಕಡೆ ಪೊದೆ. ಮುಂಜಾನೆ ಆ ದಾರಿಯಲ್ಲಿ ಊರವರೇ ಓಡಾಡುವುದಿಲ್ಲ. ಭಾನುವಾರವೂ ಬೇಡ, ಮುಂದಿನ ಭಾನುವಾರವೂ ಬೇಡ. ಅತ್ತೆಯ ಹತ್ತಿರ ನೀವು ಮಾತಾಡುವುದೂ ಬೇಡ. ನನ್ನ ಮಾತು ಮೀರಿ ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ. ಈ ಕಾಗದ ನಿಮಗೆ ಎಂಟನೇ ತಾರೀಖಿನೊಳಗೆ ಮುಟ್ಟಲಿ ಅಂತ ದೇವರಿಗೆ ಮುಡಿಪು ಕಟ್ಟಿದ್ದೇನೆ.

ಹೊಂ.


ಸೋಲೂರು
7 ನವೆಂಬರ್ 2025

ಹೊಂಬಾಳಮ್ಮನವರಿಗೆ,

ಕಾಗದ ಇವತ್ತು ಮುಟ್ಟಿತು. ನಿಮ್ಮ ಮುಡಿಪು ಫಲಿಸಿತು, ಬರುವುದಿಲ್ಲ.

ಆನೆ ನೆಪ ಅಂತ ನನಗೆ ತಿಳಿಯುವುದಿಲ್ಲವೇ? ಆನೆಗೆ ಹೆದರಿದವರು ಬಿಸಿಲೇರಿದ ಮೇಲೆ ಬನ್ನಿ ಅನ್ನುತ್ತಾರೆ, ಬಾಗಿಲು ತೆಗೆಯುವುದಿಲ್ಲ ಅನ್ನುವುದಿಲ್ಲ. ನಾಲ್ಕು ಜನರ ಎದುರಿಗೆ ನನ್ನನ್ನು ನಿಲ್ಲಿಸಿಕೊಳ್ಳಲು ನಿಮಗೆ ನಾಚಿಕೆ. ಇರಲಿ. ಅದಕ್ಕೆ ನಾನು ಸಿಟ್ಟು ಮಾಡಿಕೊಳ್ಳಲಿಲ್ಲ. ಆದರೆ ಫೋನ್ ಮಾಡುವುದರಲ್ಲೇನಿದೆ ನಾಚಿಕೆ? ಒಂದೇ ಒಂದು ರಿಂಗ್ ಕೊಡಿ. ಮಾತೂ ಆಡಬೇಡಿ. ಇದ್ದೀರಿ ಅಂತ ಗೊತ್ತಾದರೆ ಸಾಕು. ಈ ತಿಂಗಳು ಮುಗಿಯುವವರೆಗೆ ಕಾಯುತ್ತೇನೆ. ರಿಂಗಾಗದಿದ್ದರೆ ಬೇಡ ಅಂದಿರಿ ಅಂತ ತಿಳಿದುಕೊಳ್ಳುತ್ತೇನೆ.

ಅಲ್ಲಿಯವರೆಗೆ ನಾನು ಬರೆಯುವುದಿಲ್ಲ.

ಚೆಲುವಯ್ಯ


ಕನಕಪುರ ಪೋಸ್ಟಾಫೀಸು
27 ನವೆಂಬರ್ 2025

ಚೆಲುವಯ್ಯನವರೇ,

ಈ ಕಾಗದ ಓದಲು ನೀವಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ.

ನೆನ್ನೆ ಡೈರಿಯ ಹತ್ತಿರ ಯಾರೋ ಪೇಪರ್ ಓದುತ್ತಿದ್ದರು. ಸೋಲೂರು ಬಳಿ ಕಂಬದ ಮೇಲಿದ್ದ ಲೈನ್‌ಮನ್‌ಗೆ ಕರೆಂಟ್ ಹೊಡೆದಿದೆ, ಸ್ಥಿತಿ ಗಂಭೀರ. ನಾಲ್ಕೇ ಸಾಲು, ಹೆಸರಿಲ್ಲ. ಕೈಯಲ್ಲಿದ್ದ ಹಾಲು ಚೆಲ್ಲಿದೆ. ಅಣ್ಣನಿಗೆ ಫೋನ್ ಮಾಡಿಕೊಡಿ ಅಂತ ಅತ್ತೆಗೆ ಹೇಳಿದೆ. ಅಣ್ಣ ಶಬರಿಮಲೆಗೆ ಹೋಗಿದ್ದಾನೆ, ಫೋನ್ ಸಿಗುತ್ತಿಲ್ಲ. ಅತ್ತಿಗೆ ತವರಿನಲ್ಲಿದ್ದಾಳೆ. ನಿಮ್ಮ ನಂಬರ್ ನನಗೆ ಬಾಯಿಪಾಠ. ಒತ್ತಲು ಹೋದರೆ ಬೆರಳು ಬರುವುದಿಲ್ಲ. ನೀವು ಬದುಕಿದ್ದು, ಎಲ್ಲೋ ಕಂಬದ ಮೇಲಿದ್ದು, ನಾನು ಮಾಡಿದ ರಿಂಗಿಗೆ ಕೈ ಜಾರಿದರೆ?

ಇವತ್ತು ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿ, ಔಷಧಿ ತರಬೇಕು ಅಂತ ಹೇಳಿ ಬಸ್ ಹತ್ತಿದೆ. ಸೋಲೂರಿಗೇ ಬರೋಣ ಅಂತಲೇ ಹೊರಟೆ. ಕನಕಪುರದವರೆಗೆ ಬಂದೆ. ರಾಮನಗರದ ಬಸ್ ಎದುರಿಗೇ ನಿಂತಿತ್ತು. ಹತ್ತಲಿಲ್ಲ. ನಿಮ್ಮ ಮನೆ ಮುಂದೆ ಶಾಮಿಯಾನ ಹಾಕಿದ್ದರೆ? ಇನ್ನೊಂದು ಶಾಮಿಯಾನ ನೋಡುವ ಶಕ್ತಿ ನನಗಿಲ್ಲ. ಅದಕ್ಕೇ ಇಲ್ಲಿ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀವಿದ್ದರೆ ಓದಿ. ಇಲ್ಲದಿದ್ದರೂ ಹೇಳಲೇಬೇಕು, ಯಾರಿಗೂ ಹೇಳಿಲ್ಲ.

2021 ಡಿಸೆಂಬರ್ ಹನ್ನೊಂದು. ರಾಗಿ ಕೊಯ್ದು ಹೊಲದಲ್ಲೇ ಮೆದೆ ಹಾಕಿದ್ದೆವು. ದೇವರಾಜು ಅಟ್ಟಣೆಯ ಮೇಲೆ ಕಾವಲಿದ್ದು, ಬೆಳಕು ಹರಿದ ಮೇಲೆ ಮನೆಗೆ ಬರುತ್ತಿದ್ದರು. ಆರೂಕಾಲಾಗಿತ್ತು. ಡೈರಿಗೆ ಹಾಲು ಹಾಕುವ ಹೊತ್ತು ಮೀರುತ್ತಿತ್ತು, ಕ್ಯಾನ್ ಹೊರಲು ಅವರು ಬರಬೇಕಿತ್ತು. ಎಲ್ಲಿದ್ದೀರಿ ಅಂತ ಕೇಳಲು ಫೋನ್ ಮಾಡಿದೆ. ಪೂರ್ತಿ ರಿಂಗಾಯಿತು, ಎತ್ತಲಿಲ್ಲ. ನನಗೆ ಸಿಟ್ಟು ಬಂತು. ಎರಡನೇ ಸಲ ಮಾಡಿದೆ. ಅದು ಅರ್ಧಕ್ಕೆ ನಿಂತುಹೋಯಿತು.

ಪಕ್ಕದ ಹೊಲದ ತಿಮ್ಮಯ್ಯ ದೂರದ ತನ್ನ ಅಟ್ಟಣೆಯಿಂದ ಎಲ್ಲ ನೋಡಿದ್ದ. ಹೆಣದ ಮುಂದೆ ಅಳುತ್ತಾ ಹೇಳಿದ: "ಬದಿನ್ ಮಗ್ಗುಲಲ್ಲಿ ಅವುಚ್ಕಂಡು ಮಲಗಿದ್ದ ಕಣವ್ವ. ಆನೆ ದಾಟ್ಕಂಡು ಹೊಂಟೋಗಿತ್ತು. ಅದ್ಯಾಕ್ ವಾಪಸ್ ತಿರುಗ್ಬುಡ್ತೋ ಆ ಶಿವನೇ ಬಲ್ಲ."

ಶಿವ ಬಲ್ಲನೋ ಇಲ್ಲವೋ, ನನಗೆ ಗೊತ್ತಿತ್ತು. ಅಷ್ಟು ದೂರಕ್ಕೆ ತಿಮ್ಮಯ್ಯನಿಗೆ ಕೇಳಿಸದ ರಿಂಗು ಆನೆಗೆ ಕೇಳಿಸಿತ್ತು.

ನಾಲ್ಕು ವರ್ಷದಿಂದ ನಾನು ಯಾರಿಗೂ ಫೋನ್ ಮಾಡಿಲ್ಲ, ಹೆತ್ತ ಮಗಳಿಗೂ. ನಿಮ್ಮ ಜೇಬಿನಲ್ಲಿ ರಿಂಗಾದ ದಿನ ಕಿರುಚಿದ್ದು ಅದಕ್ಕೆ. ಬರಬೇಡಿ ಅಂದಿದ್ದೂ ಅದಕ್ಕೆ. ಆ ಪೊದೆಗಳ ನಡುವೆ ನೀವು ಜೇಬಿನಲ್ಲಿ ಫೋನ್ ಇಟ್ಟುಕೊಂಡು ನಡೆದು ಬರುವುದನ್ನು ನೆನೆದು ನನಗೆ ಮೂರು ದಿನ ಅನ್ನ ಇಳಿಯಲಿಲ್ಲ. ನಾಚಿಕೆ ಅಂದಿರಲ್ಲ? ನಾಚಿಕೆ ಅಲ್ಲ ಕಣ್ರೀ. ನನ್ನ ಬಾಯಿಂದ ಹ್ಞೂಂ ಅಂತ ಬಂದರೆ ನಿಮಗೂ ಹಾಗೇ ಆಗುತ್ತದೆ ಅನ್ನುವ ಭಯ. ಈಗ ನೋಡಿದರೆ ಹ್ಞೂಂ ಅನ್ನುವ ಮುಂಚೆಯೇ ಆಗಿಹೋಯಿತೇನೋ.

ಬದುಕಿದ್ದರೆ ಒಂದು ಸಾಲು ಬರೆಯಿರಿ. ಗಂಡನನ್ನು ಕೊಂದವಳು ಅಂತ ಬೈದಾದರೂ ಬರೆಯಿರಿ.

ಹೊಂಬಾಳೆ


ಸೋಲೂರು
3 ಡಿಸೆಂಬರ್ 2025
(ಸ್ಪೀಡ್ ಪೋಸ್ಟ್)

ಹೊಂಬಾಳೆ,

ನಾನು ಬದುಕಿದ್ದೇನೆ. ಮೊದಲು ಇದನ್ನು ಓದಿಕೊಂಡು ಒಂದು ಲೋಟ ನೀರು ಕುಡಿ. ಮಿಕ್ಕಿದ್ದು ಆಮೇಲೆ ಓದುವೆಯಂತೆ.

ಕರೆಂಟ್ ಹೊಡೆದದ್ದು ನನ್ನ ಜೊತೆಯ ನಾಗರಾಜುಗೆ. ಲೈನ್ ಆಫ್ ಮಾಡಿಯೇ ಹತ್ತಿದ್ದ. ಯಾರದೋ ಮನೆಯ ಜನರೇಟರಿನಿಂದ ಕರೆಂಟ್ ಹಿಂದಕ್ಕೆ ಬಂದಿದೆ. ಎರಡೂ ಕೈ ಸುಟ್ಟಿವೆ, ಜೀವಕ್ಕೆ ಅಪಾಯವಿಲ್ಲ. ಒಂದು ವಾರ ಅವನ ಜೊತೆ ಆಸ್ಪತ್ರೆಯಲ್ಲೇ ಇದ್ದೆ. ನೆನ್ನೆ ಬಟ್ಟೆ ಬದಲಿಸಲು ಮನೆಗೆ ಬಂದರೆ ಬಾಗಿಲ ಸಂದಿಯಲ್ಲಿ ನಿನ್ನ ಕಾಗದ. ಏಕವಚನಕ್ಕೆ ಬಂದಿದ್ದೇನೆ, ಬೇಜಾರಾದರೆ ಹೇಳು. ಆ ಕಾಗದ ಓದಿದ ಮೇಲೆ ಬಹುವಚನ ಬರುತ್ತಿಲ್ಲ.

ನಿನ್ನನ್ನು ಬೈಯಲು ನನಗೆ ಯಾವ ಮುಖವಿದೆ? ನನ್ನದೂ ಒಂದು ಕೇಳು. ವಿಮಲ ಹೃದಯ ನಿಂತು ಸತ್ತಳು ಅಂತ ನಿನಗೆ ಹೇಳಿದ್ದೆ. ಅದು ನಿಜ, ಆದರೆ ಅರ್ಧ. ಆವತ್ತು ಮಧ್ಯಾಹ್ನ ನಾನು ಕಂಬದ ಮೇಲಿದ್ದೆ, ಫೋನ್ ಕೆಳಗೆ ಚೀಲದಲ್ಲಿತ್ತು. ಇಳಿದು ನೋಡಿದರೆ ಅವಳ ಏಳು ಮಿಸ್ಡ್ ಕಾಲ್. ಕರಿಬೇವು ತನ್ನಿ ಅನ್ನುವುದಕ್ಕೂ ನಾಲ್ಕು ಸಲ ಮಾಡುವವಳು ಅವಳು. ಹೇಗೂ ಮನೆಗೇ ಹೋಗುತ್ತೇನಲ್ಲ ಅಂತ ತಿರುಗಿ ಮಾಡಲಿಲ್ಲ. ಅಂಗಡಿಯಲ್ಲಿ ಕೂತು ಟೀ ಕುಡಿದೆ, ಬನ್ ತಿಂದೆ. ಹೋಗಿ ನೋಡಿದರೆ ಹೊಸ್ತಿಲಿಗೆ ಅಡ್ಡಲಾಗಿ ಬಿದ್ದಿದ್ದಳು. ಫೋನ್ ಇನ್ನೂ ಕೈಯಲ್ಲೇ ಇತ್ತು. ಮೈ ಬೆಚ್ಚಗಿತ್ತು ಹೊಂಬಾಳೆ. ಆ ಟೀ ಕುಡಿಯದಿದ್ದರೆ ಏನಾಗುತ್ತಿತ್ತೋ.

ಅವತ್ತಿನಿಂದ ಫೋನ್ ಜೇಬಿನಲ್ಲೇ. ಮೇಲಿನವರು ಎರಡು ಸಲ ಬೈದು ನೋಟಿಸ್ ಕೊಟ್ಟಿದ್ದಾರೆ. ನೀನು ಫೋನ್ ಮಾಡದೆ ಇದ್ದ ಒಂದೊಂದು ದಿನವೂ, ನೀನೆಲ್ಲೋ ಬಿದ್ದಿದ್ದೀಯ, ನಾನಿಲ್ಲಿ ಟೀ ಕುಡಿಯುತ್ತಿದ್ದೇನೆ ಅನ್ನಿಸುತ್ತಿತ್ತು. ಅದನ್ನು ಹೇಳದೆ ಹಟ ಮಾಡಿದೆ, ಕೊನೆಗೆ ಗಡುವು ಬೇರೆ ಕೊಟ್ಟೆ. ತಪ್ಪಾಯಿತು. ಗಡುವು ಇಲ್ಲ.

ನಾಗರಾಜುವಿನ ಕೈ ನೋಡಿದ ಮೇಲೆ ಒಂದು ತೀರ್ಮಾನ ಮಾಡಿದ್ದೇನೆ. ಇನ್ನು ಮೇಲೆ ನನ್ನ ಫೋನ್ ಕಂಬ ಹತ್ತುವುದಿಲ್ಲ. ನೀನು ಅಕ್ಟೋಬರಿನಲ್ಲೇ ಕೇಳಿದ್ದೆ, ಈಗ ನಡೆಸಿಕೊಡುತ್ತಿದ್ದೇನೆ. ಇಳಿದ ತಕ್ಷಣ ನೋಡುತ್ತೇನೆ, ಟೀಗಿಂತ ಮುಂಚೆ.

ನೀನೂ ಒಂದು ನಡೆಸಿಕೊಡುತ್ತೀಯಾ? ಡಿಸೆಂಬರ್ 14 ಭಾನುವಾರ, ನನಗೆ ರಜೆ. ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಮನೆ ಜಗಲಿಯ ಮೇಲೆ ಕೂತಿರುತ್ತೇನೆ. ಬಿಸಿಲಿರುತ್ತದೆ. ಕಂಬ ಇಲ್ಲ, ಪೊದೆ ಇಲ್ಲ. ಎರಡೂ ಪಾದ ನೆಲಕ್ಕೆ ಊರಿರುತ್ತೇನೆ. ಆಗ ಮಾಡು. ಆಗದಿದ್ದರೆ ಬಿಡು, ನಾನು ಮತ್ತೆ ಕಾಗದ ಬರೆಯುತ್ತೇನೆ. ಇಂಕು ಮುಗಿಯುವವರೆಗೆ ಬರೆಯುತ್ತೇನೆ.

ಚೆಲುವಯ್ಯ


ಹುಣಸೆದೊಡ್ಡಿ
15 ಡಿಸೆಂಬರ್ 2025
(ಸ್ಪೀಡ್ ಪೋಸ್ಟ್)

ನಿಮಗೆ,

ನೀವು ಏಕವಚನ ಅನ್ನಿ, ನನಗೆ ಬೇಜಾರಿಲ್ಲ. ನನಗೆ ನಿಮ್ಮನ್ನು ಹಾಗೆ ಕರೆಯಲು ಬಾಯಿ ಬರುವುದಿಲ್ಲ, ಹೀಗೇ ಇರಲಿ.

ನೆನ್ನೆ ಏನೇನಾಯಿತು ಅಂತ ನಿಮಗೆ ಅರ್ಧ ಮಾತ್ರ ಗೊತ್ತು. ಇನ್ನರ್ಧ ಹೇಳುತ್ತೇನೆ.

ಹತ್ತೂವರೆಗೆ ಅತ್ತೆಯ ಹತ್ತಿರ ಫೋನ್ ಕೇಳಿದೆ. ಅವರು ಕೊಡಲಿಲ್ಲ. "ಯಾರ್ಗೆ?" ಅಂದರು. ನಾಲ್ಕು ವರ್ಷದಲ್ಲಿ ನಾನೇ ಮಾಡುತ್ತೇನೆ ಅಂತ ಫೋನ್ ಕೇಳಿದ್ದು ಅದೇ ಮೊದಲು. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಅಲ್ಲೇ ಹುಳದ ಮನೆ ಬಾಗಿಲಲ್ಲಿ ಕೂತು ಎಲ್ಲಾ ಹೇಳಿಬಿಟ್ಟೆ. ನಿಮ್ಮ ವಿಷಯ, ಆಮೇಲೆ ಆ ಬೆಳಗಿನ ವಿಷಯ, ಎರಡು ಸಲ ರಿಂಗ್ ಮಾಡಿದ ವಿಷಯ. ಮನೆಯಿಂದ ಹೊರಗೆ ಹೋಗು ಅನ್ನುತ್ತಾರೆ ಅಂತ ತಲೆ ತಗ್ಗಿಸಿ ಕಾದೆ.

ಅತ್ತೆ ಕೈಯಲ್ಲಿದ್ದ ಸೊಪ್ಪನ್ನು ಒಂದೊಂದೇ ಎಲೆ ಬಿಡಿಸುತ್ತಾ ಕೂತಿದ್ದರು. ಆಮೇಲೆ ಅಂದರು: "ನೀನೆಲ್ಲವ್ವ ಮಾಡ್ದೆ? ಮಾಡ್ಸಿದ್ದು ನಾನು. ಡೈರಿ ಬಾಗ್ಲು ಹಾಕ್ಬುಡ್ತಾರೆ, ಎಲ್ಲವ್ನೆ ಕೇಳು, ಇನ್ನೊಂದ್ಸಲ ಮಾಡು ಅಂತ ಬಡ್ಕಂಡೋಳು ನಾನಲ್ವಾ? ನೀನು ಎಲ್ಲಿ ಅದ್ನ ಬಾಯ್ಬುಟ್ಟು ಅಂದ್ಬುಡ್ತೀಯೋ ಅಂತ ನಾಕು ವರ್ಷ ನಿನ್ ಮುಖ ನೋಡೋಕೇ ಹೆದರ್ಕಂಡಿದ್ದೆ."

ಅವರು ಹಾಗೆ ಹೇಳಿದ್ದು ನನಗೆ ನೆನಪಿತ್ತು. ನಿಮಗೆ ಬರೆದ ಕಾಗದದಲ್ಲಿ ಅದನ್ನು ಬಿಟ್ಟಿದ್ದೆ. ಮಗನನ್ನು ಹೆತ್ತವರ ಮೇಲೆ ಅದನ್ನು ಹೊರಿಸುವುದು ಹೇಗೆ? ನಾನು ಅವರಿಗೆ ಹೆದರಿ ಸುಮ್ಮನಿದ್ದೆ, ಅವರು ನನಗೆ ಹೆದರಿ ಸುಮ್ಮನಿದ್ದರು. ಒಂದೇ ಒಲೆಯ ಮುಂದೆ ಕೂತು ಇಬ್ಬರೂ ನಾಲ್ಕು ವರ್ಷ ಮುದ್ದೆ ನುಂಗಿದ್ದೇವೆ ನೋಡಿ. ಇಬ್ಬರೂ ಅತ್ತೆವು. ಹುಳಕ್ಕೆ ಸೊಪ್ಪು ಹಾಕುವುದು ತಡವಾಯಿತು.

ಆಮೇಲೆ ಮೂಗು ಒರೆಸಿಕೊಂಡು ಫೋನನ್ನು ನನ್ನ ಮಡಿಲಿಗೆ ಹಾಕಿದರು. "ಆವಯ್ಯ ಕಾಯ್ತಾ ಕುಂತವ್ನಾ? ಮಾಡು ಮತ್ತೆ. ನಾನು ಇಲ್ಲೇ ಇವ್ನಿ."

ಒತ್ತಿದೆ. ನಿಮ್ಮ ಕಡೆ ಒಂದು ರಿಂಗ್ ಕೇಳಿದ ಕೂಡಲೇ ಕಟ್ ಮಾಡಿ ಬಿಸಾಕಿದೆ. ಫೋನ್ ಸೊಪ್ಪಿನ ಗುಡ್ಡೆಯ ಮೇಲೆ ಬಿತ್ತು, ಒಡೆಯಲಿಲ್ಲ. ನೀವು ತಿರುಗಿ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಅಂತ ನನಗೆ ಗೊತ್ತು, ಏಳು ಮಿಸ್ಡ್ ಕಾಲ್ ನೋಡಿದವರಿಗೆ ಅದೆಷ್ಟು ಕಷ್ಟವಾಗಿರಬೇಕು ಅಂತಲೂ ಗೊತ್ತು. ನನಗೋಸ್ಕರ ಬಿಟ್ಟಿರಿ.

"ಇನ್ನೊಂದ್ಸಲ ಮಾಡವ್ವ" ಅಂದರು ಅತ್ತೆ. ಅವತ್ತು ಅಂದ ಮಾತೇ. ಅಂದವರಿಗೂ ಅದು ಗೊತ್ತಾಯಿತು, ಬಾಯಿಗೆ ಸೆರಗು ಅಡ್ಡ ಹಿಡಿದರು. ಆದರೂ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ನನ್ನ ಕೈ ಹಿಡಿದುಕೊಂಡರು.

ಎರಡನೇ ಸಲ ಮಾಡಿದೆ. ಅರ್ಧಕ್ಕೆ ನಿಂತಿತು. ಆಗ ನಿಮ್ಮ ದನಿ ಬಂತು. "ನಾನೇ ಕಣೇ. ಕಾಲು ನೆಲದ್ ಮೇಲೇ ಐತೆ."

ನಿಮ್ಮ ಕಡೆ ಯಾವುದೋ ಕೋಳಿ ಕೂಗುತ್ತಿತ್ತು, ನೀವು ಮೂಗು ಎಳೆದುಕೊಳ್ಳುತ್ತಿದ್ದಿರಿ. ನನ್ನ ಅಳು ನಿಮಗೆ ಕೇಳಿಸಿರಬೇಕು. ಕೊನೆಗೆ ನೀವು, "ಬರ್ಲಾ?" ಅಂದಿರಿ. ಅದಕ್ಕೆ ನನ್ನ ಬಾಯಿಂದ ಉತ್ತರ ಬರಲಿಲ್ಲ. ನೀವು ಒತ್ತಾಯ ಮಾಡದೆ ಇಟ್ಟಿರಿ. ಅದಕ್ಕೇ ಈ ಕಾಗದ. ಬಾಯಿಗೆ ಬರದದ್ದು ನನಗೆ ಕೈಗೆ ಬರುತ್ತದೆ.

ಮೊದಲು ಅತ್ತೆಯ ಮಾತು. ನಾನು ಹೊರಟರೆ ಅವರೂ ಬರುತ್ತಾರಂತೆ. "ಆ ಕಡೆ ಆನೆ ಇಲ್ವಂತೆ, ಅಲ್ವಾ?" ಅಂತ ಕೇಳಿದರು. ಆನೆ ಇಲ್ಲ, ಮಾಗಡಿ ಕಡೆ ಚಿರತೆ ಇದೆ ಅಂದೆ. "ಚಿರತೆಗೇನ್ ಬುಡು, ಅದು ನಾಯಿ ತಿನ್ನಾಕೆ ಬತ್ತದೆ" ಅಂದರು. ನಿಮಗೆ ಒಪ್ಪಿಗೆಯಾದರೆ ಒಲೆ ಮುಂದೆ ಇಬ್ಬರಿಗೆ ಜಾಗ ಮಾಡಿ. ಈ ಬೆಳೆಯ ಗೂಡು ಮಾರ್ಕೆಟ್ಟಿಗೆ ಹೋಗಲಿ, ರಮ್ಯಾಗೆ ನಾನೇ ಹೇಳುತ್ತೇನೆ. ಫೋನ್ ಮಾಡಿ ಹೇಳುತ್ತೇನೆ.

ಹೆದರಿಕೆ ಹೋಗಿದೆ ಅಂತ ಬರೆದರೆ ಸುಳ್ಳಾಗುತ್ತದೆ, ಸುಳ್ಳು ಸಾಕಾಗಿದೆ. ನೀವು ಕಂಬ ಹತ್ತುವ ಒಂದೊಂದು ದಿನವೂ ನಾನು ಹೆದರುತ್ತೇನೆ. ನಾನು ಎತ್ತದ ಒಂದೊಂದು ಕಾಲ್‌ಗೂ ನೀವು ಹೆದರುತ್ತೀರಿ. ಅದು ಹೀಗೇ ಇರುತ್ತದೆ. ಒಬ್ಬಳೇ ಹೆದರಿ ಹೆದರಿ ನನಗೆ ಸಾಕಾಗಿದೆ.

ಬನ್ನಿ. ಬರುವ ಭಾನುವಾರ, ಬಿಸಿಲು ಚೆನ್ನಾಗಿ ಏರಿದ ಮೇಲೆ, ಹತ್ತೂವರೆಯ ಬಸ್ಸಿಗೆ ಬನ್ನಿ. ಗೇಟಿನಲ್ಲಿ ಇಳಿದು ಅಲ್ಲೇ ನಿಂತಿರಿ, ನಡೆದು ಬರಬೇಡಿ. ತಿಮ್ಮಯ್ಯನ ಆಟೋದಲ್ಲಿ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಇಳಿದ ತಕ್ಷಣ ಫೋನ್ ಮಾಡಿ.

ಮೊದಲನೇ ಸಲಕ್ಕೆ ಎತ್ತದಿದ್ದರೆ ಹೆದರಬೇಡಿ, ಕೈ ಒರೆಸಿಕೊಳ್ಳುತ್ತಿರುತ್ತೇನೆ. ಎರಡನೇ ಸಲ ಮಾಡಿ. ಎತ್ತುತ್ತೇನೆ.

ಹೊಂಬಾಳೆ